ಹಳೇ ನೀರು

ಪಕ್ಕದ ಮನೆಯ ಕಾಮಾಕ್ಷಮ್ಮನವರಿಗೆ ನಮ್ಮ ಮನೆಗೆ ಬಂದಾಗ ಎಂದೂ ಬಾಯಾರಿಕೆ ಆಗಿದ್ದಿಲ್ಲ. ನಡು ಬೇಸಿಗೆಯಲ್ಲಿ, ಹೊಳೆನರಸೀಪುರದ ಟಾರು ಕರಗಿ ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕೂತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರೂ, ನೀರು ಕೊಡಲಾ ಅಮ್ಮ ಎಂದರೆ ಒಂದೇ ಉತ್ತರ.

"ಈಗ್ತಾನೆ ಕುಡ್ಕಂಡ್ ಬಂದೆ ಕಣವ್ವಾ."

ನಾನೂ ಹಟಮಾರಿ. ಪ್ರತಿ ಸಲವೂ ಕೇಳುತ್ತಿದ್ದೆ. ಅವರು ಪ್ರತಿ ಸಲವೂ ಈಗ ತಾನೇ ಕುಡಿದು ಬಂದಿರುತ್ತಿದ್ದರು.

ಅವರದು ಗದ್ದೆ, ತೆಂಗಿನ ತೋಟ ಇರುವ ಹಳೆಯ ಗೌಡರ ಮನೆತನ. ಮಗ ಕೀರ್ತಿರಾಜ್‌ಗೆ ತೆಂಗಿನಕಾಯಿ ವ್ಯಾಪಾರ, ಸೊಸೆ ಸ್ನೇಹಲತಾ ಶಾಲೆಯಲ್ಲಿ ಟೀಚರು. ನಮ್ಮದು ಬೌದ್ಧರ ಮನೆ. ನನ್ನ ಗಂಡ ಅಶೋಕ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನನಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ. ನನ್ನ ಅಜ್ಜಿ ಸಣ್ಣಕ್ಕ ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದುಕೊಂಡು, ಮೇಲಿನಿಂದ ಯಾರಾದರೂ ನೀರು ಹೊಯ್ಯಲಿ ಎಂದು ಕಾದು ನಿಂತವಳು. ಆ ಕಥೆ ಕೇಳಿಯೇ ಬೆಳೆದ ನನಗೆ ಕಾಮಾಕ್ಷಮ್ಮನವರ ಬಾಯಾರದ ಗಂಟಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆಂದು ಅವರು ಕೆಟ್ಟವರಲ್ಲ. ಕಾಂಪೌಂಡ್ ಗೋಡೆಯ ಮೇಲಿಂದ ತೆಂಗಿನಕಾಯಿ, ಸೊಗಡವರೆ, ನುಗ್ಗೆಸೊಪ್ಪು ಕೊಡುವುದರಲ್ಲಿ ಅವರ ಕೈ ದೊಡ್ಡದು. ನನಗೆ ಡೆಂಗ್ಯೂ ಬಂದಾಗ ದಿನಾ ಎಳನೀರು ಕಳಿಸಿದ್ದರು. ಆದರೆ ಮನೆಯಲ್ಲಿ ಮೊಸರಿಗೆ ಹೆಪ್ಪು ಮುಗಿದುಹೋದರೆ ಮಾತ್ರ ನಮ್ಮ ಗೇಟು ದಾಟಿಕೊಂಡು ಬೀದಿಯ ತುದಿಯ ಮನೆಗೆ ಬಟ್ಟಲು ಹಿಡಿದು ಹೋಗುತ್ತಿದ್ದರು, ಆ ಮಂಡಿನೋವಿನಲ್ಲಿ. ನನಗೆ ಮೈ ಉರಿಯುತ್ತಿದ್ದುದು ಅದಕ್ಕೇ. ಕೆಟ್ಟವರಾಗಿದ್ದರೆ ಒಂದು ದಿನ ಚೆನ್ನಾಗಿ ಜಗಳ ಆಡಿ ಮುಗಿಸಬಹುದಿತ್ತು. ಒಳ್ಳೆಯವರ ಹತ್ತಿರ ಜಗಳ ಆಡುವುದು ಹೇಗೆ?

ಮೀನಿನ ಹುಚ್ಚು ಅವರಿಗೆ ಹತ್ತಿದ್ದು ನಮ್ಮ ಮನೆಯಿಂದಲೇ. ನಮ್ಮ ಮೀನಿನ ತೊಟ್ಟಿ ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿದೆ. ಜಗಲಿಯ ಮೇಲೆ ಕೂತವರಿಗೆ ಸರಳುಗಳ ಆಚೆ ಅದು ನೇರ ಕಾಣುತ್ತದೆ. ಕಾಮಾಕ್ಷಮ್ಮ ಮಾತಾಡುವ ನೆಪದಲ್ಲಿ ಬಂದು, ಮಾತು ಮರೆತು, ಕಿಟಕಿಗೆ ಮುಖ ಹಚ್ಚಿ ಕೂರುತ್ತಿದ್ದರು. ನೋಡುತ್ತಾ ಕೂತರೆ ತಲೆನೋವು ಹೋಗುತ್ತದೆ ಎನ್ನುತ್ತಿದ್ದರು. ಒಳಗೆ ಬಂದು ಕುರ್ಚಿಯಲ್ಲಿ ಕೂತು ನೋಡಿ ಎಂದರೆ, ಇಲ್ಲೇ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದರು. ಕೊನೆಗೆ ಮಗನ ಹಿಂದೆ ಬಿದ್ದು ಹಾಸನದಿಂದ ನಮ್ಮದಕ್ಕಿಂತ ದೊಡ್ಡ ತೊಟ್ಟಿ ತರಿಸಿಕೊಂಡರು. ಅದರಲ್ಲಿ ಗೋಲ್ಡ್ ಫಿಶ್‌ಗಳು. ಎಲ್ಲಕ್ಕಿಂತ ದಪ್ಪದ, ಊಟಕ್ಕೆ ಎಲ್ಲರಿಗಿಂತ ಮುಂದೆ ಬರುವ ಕಿತ್ತಳೆ ಬಣ್ಣದ ಮೀನಿಗೆ ಪಟೇಲ ಎಂದು ಹೆಸರಿಟ್ಟರು. ತೀರಿಹೋದ ಅವರ ಯಜಮಾನರನ್ನು ಊರೆಲ್ಲ ಪಟೇಲ್ ರಾಮಣ್ಣ ಎಂದೇ ಕರೆಯುತ್ತಿದ್ದುದು. ನಾನು ಅವರ ಮುಖ ನೋಡಿದ್ದಕ್ಕೆ, "ಒಟ್ಟೆ ನೋಡು, ನಮ್ ಯಜಮಾನ್ರುದ್ದೇ" ಎಂದರು.

ತೊಟ್ಟಿ ಸಾಕುವ ರೀತಿ ಹೇಳಿಕೊಟ್ಟಿದ್ದು ಅಶೋಕ. ಅವನು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ಮೊದಲ ತೊಟ್ಟಿಯನ್ನು ಸೋಪು ಹಾಕಿ ಫಳಫಳ ತೊಳೆದು ಎಲ್ಲ ಮೀನನ್ನೂ ಸ್ವರ್ಗಕ್ಕೆ ಕಳಿಸಿ. ಆಮೇಲೆ ಬುದ್ಧಿ ಬಂತು. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಾಯಿಸಬೇಕು. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಬ್ಲೀಚಿಂಗ್ ವಾಸನೆ ಹೋಗಿಸಿಯೇ ಹಾಕಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿದರೆ ಸಾಕು. ಊಟ ಒಂದು ಚಿಟಿಕೆ. ಕಾಮಾಕ್ಷಮ್ಮ ಇದನ್ನೆಲ್ಲ ಯಾಕೆ ಏನು ಎಂದು ಕೇಳದೆ ವ್ರತದಂತೆ ಪಾಲಿಸಿದರು. ಅವರ ತೊಟ್ಟಿ ನಮ್ಮದಕ್ಕಿಂತ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚಾಗುತ್ತದೆ, ಆದರೂ ಚೆನ್ನಾಗಿತ್ತು.

ಹೀಗಿರುವಾಗ ಭಾದ್ರಪದದ ಹುಣ್ಣಿಮೆಗೆ ಚಂದ್ರಗ್ರಹಣ ಬಂತು.

ನಮ್ಮ ಮನೆಯಲ್ಲಿ ಗ್ರಹಣವೆಂದರೆ ಹಬ್ಬ. ಅಶೋಕ ತಾರಸಿಯ ಮೇಲೆ ಚಾಪೆ ಹಾಸಿದ. ಮೋಡದ ಸಂದಿಯಲ್ಲಿ ಚಂದ್ರ ಕೆಂಪಾಗುವುದನ್ನು ನೋಡುತ್ತಾ ಬಿರಿಯಾನಿ ತಿಂದೆವು. ಪಕ್ಕದ ಮನೆಯ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ್ದವು. ಹಾಲು, ತುಪ್ಪ, ಉಪ್ಪಿನಕಾಯಿ ಎಲ್ಲದರ ಮೇಲೂ ಕಾಮಾಕ್ಷಮ್ಮ ಸಂಜೆಯೇ ಗರಿಕೆ ಇಟ್ಟಿರುತ್ತಾರೆ ಎಂದು ನನಗೆ ಗೊತ್ತು. ಗರಿಕೆ ಇಟ್ಟದ್ದಕ್ಕೆ ಗ್ರಹಣದ ದೋಷ ತಗಲುವುದಿಲ್ಲವಂತೆ. ಇಡದ ನೀರನ್ನೆಲ್ಲ ಬೆಳಿಗ್ಗೆ ಚೆಲ್ಲಿ, ಪಾತ್ರೆ ತೊಳೆದು, ಹೊಸದಾಗಿ ಹಿಡಿಯಬೇಕು.

ಮಾರನೆಯ ದಿನ ಬೆಳಿಗ್ಗೆ ಬೀದಿಯಲ್ಲೆಲ್ಲ ಹಂಡೆ, ಕೊಡ, ಡ್ರಮ್ಮು ತೊಳೆಯುವ ಸದ್ದು. ನಾನು ಆಫೀಸಿಗೆ ಹೊರಟಾಗ ಕಾಮಾಕ್ಷಮ್ಮನವರ ಗೇಟಿನಿಂದ ಚರಂಡಿಗೆ ನೀರು ಹರಿಯುತ್ತಿತ್ತು. ಅದರಲ್ಲಿ ಒಂದೆರಡು ಎಳೆ ಹಸಿರು ಪಾಚಿಯೂ ಇತ್ತು. ಕಂಡದ್ದು ಹೌದು, ಹೊಳೆಯಲಿಲ್ಲ. ಬೀದಿಗೆ ಬೀದಿಯೇ ನೀರು ಚೆಲ್ಲುತ್ತಿರುವಾಗ ಯಾರ ಮನೆಯದು ಯಾವ ನೀರು ಎಂದು ಯಾರು ನೋಡುತ್ತಾರೆ?

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದು ಇನ್ನೂ ಬೀಗ ತೆಗೆಯುತ್ತಿದ್ದೆ. ಗೋಡೆಯ ಆಚೆಯಿಂದ ಕಾಮಾಕ್ಷಮ್ಮ ಕರೆದರು. ಅವರದು ಮಾಮೂಲಿಗೆ ಬೀದಿ ಕೊನೆಗೂ ಕೇಳುವ ಗಂಟಲು. ಅವತ್ತು ಪಿಸುಮಾತಿನಂತಿತ್ತು.

"ಬಿಂದೂ, ಪಟೇಲ ಮಗ್ಗುಲಾಗ್ಬುಟ್ಟವ್ನೆ ಕಣವ್ವಾ."

ಓಡಿದೆ. ಆದರೆ ಅವರ ಹೊಸಿಲಿನ ಹತ್ತಿರ ಕಾಲು ತಾನಾಗಿ ನಿಂತಿತು. ನಾನೂ ಅವರ ಮನೆಯಲ್ಲಿ ಜಗಲಿ ದಾಟಿದವಳಲ್ಲ. ಕರೆಯದ ಕಡೆ ಕಾಲಿಡುವ ಬುದ್ಧಿ ನಮ್ಮ ಅಪ್ಪ ನನಗೆ ಕಲಿಸಲಿಲ್ಲ. ಅವರು ತಿರುಗಿ ನೋಡಿ, ನಿಂತುಕೊಂಡು ಏನು ನೋಡುತ್ತೀಯ, ಒಳಕ್ಕೆ ಬಾ ಎಂದು ಗದರಿದರು.

ತೊಟ್ಟಿ ಹೊಸ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹತ್ತಿರ ಹೋಗುತ್ತಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಕಳೆಕಳೆದು ಗಾಳಿ ನುಂಗುತ್ತಿದ್ದವು. ಒಂದು ಪುಟ್ಟ ಕಪ್ಪು ಮೀನು ಆಗಲೇ ತಳ ಸೇರಿತ್ತು. ಪಟೇಲ ಒಂದು ಪಕ್ಕಕ್ಕೆ ವಾಲಿ, ಕಿವಿರನ್ನು ಪಟಪಟ ಬಡಿಯುತ್ತಿದ್ದ. ಕೇಳಿದರೆ ಒಂದೊಂದಾಗಿ ಹೊರಬಂತು. ಎಲ್ಲದಕ್ಕೂ ಗರಿಕೆ ಇಟ್ಟವರಿಗೆ ತೊಟ್ಟಿಯಲ್ಲಿರುವುದೂ ನೀರೇ ಎಂದು ನೆನಪಾದದ್ದು ಬೆಳಿಗ್ಗೆ. ಒಂದು ತೊಟ್ಟೂ ಬಿಡದೆ ಚೆಲ್ಲಿದ್ದರು. ತಳದ ಕಲ್ಲುಗಳನ್ನು ಅಕ್ಕಿ ತೊಳೆದ ಹಾಗೆ ಕಲಗಚ್ಚು ಹೋಗುವ ತನಕ ತೊಳೆದಿದ್ದರು. ಸ್ಪಂಜನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಜ್ಜಿ ಬಿಸಿಲಿಗೆ ಹಾಕಿದ್ದರು. ಆಗಷ್ಟೇ ನಲ್ಲಿಯಲ್ಲಿ ಬಂದ ನೀರನ್ನು ಹಾಗೇ ತುಂಬಿದ್ದರು.

ಒಂದು ದಿನ ನೀರು ಇಟ್ಟು ಹಾಕಬೇಕು ಅಂತ ನಿಮಗೇ ಗೊತ್ತಲ್ಲಮ್ಮ ಎಂದೆ.

"ಇಟ್ಟಿದ್ ಬಕೀಟ್ ನೀರೂ ಗ್ರಹಣದ್ದೇ ಅಲ್ವೇನವ್ವಾ? ನಾನ್ ಕುಡೀದಿರೋ ನೀರ್ನ ಅವುಕ್ ಎಂಗ್ ಕುಡಿಸ್ಲಿ?"

ಆ ಮಾತಿನಲ್ಲಿ ಮೋಸವಿರಲಿಲ್ಲ. ಮೀನನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡ ಹೆಂಗಸಿನ ಮಾತು ಅದು. ಆದರೆ ನನ್ನ ಗಂಟಲಿಗೆ ಬೇರೆ ಉತ್ತರ ಬಂದು ಕೂತಿತು. ಯಾಕೆಂದರೆ ಈಗ ಆ ಮೀನುಗಳನ್ನು ಉಳಿಸಬಹುದಾದ ನೀರು ಇದ್ದುದು ಒಂದೇ ಕಡೆ. ಅವತ್ತು ಸೋಮವಾರ, ಊರಿನಲ್ಲಿ ಮೀನಿನ ಔಷಧಿ ಮಾರುವ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಕೀರ್ತಿರಾಜ್ ಕಾಯಿ ನೋಡಲು ಕೊಣನೂರಿನ ಕಡೆ ಹೋಗಿದ್ದ. ಬೀದಿಯ ಅಷ್ಟೂ ಮನೆಯವರು ಹಳೆಯ ನೀರು ಚೆಲ್ಲಿ ಕೂತಿದ್ದರು. ಚೆಲ್ಲದೆ ಉಳಿದವರು ನಾವು.

ನಮ್ಮ ತೊಟ್ಟಿಯ ನೀರು ತರಬೇಕು ಎಂದೆ.

"ನಿಮ್ಮನೇದಾ?" ಎಂದರು.

ಎಂದು ಸುಮ್ಮನಾದರು. ಎಷ್ಟು ಹೊತ್ತು ಎಂದರೆ ಕಣ್ಣು ಮಿಟುಕಿಸುವಷ್ಟೇ. ಆದರೆ ಆ ಹೊತ್ತಿನಲ್ಲಿ ನನ್ನ ಅಜ್ಜಿ ಕೊಡ ಹಿಡಿದು ನಿಂತದ್ದು ನನಗೆ ಕಂಡಿತು. ನೀವು ಕುಡಿಯದ ನೀರು ಅಲ್ವಾ ಅಮ್ಮ ಅದು, ಬೇಡ ಬಿಡಿ ಎಂದು ಹೇಳಿ ಊಟಕ್ಕೆ ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಪಟೇಲ ಇನ್ನೊಂದು ಸಲ ಬಾಲ ಆಡಿಸಲು ಹೋಗಿ ಆಗದೆ ಪೂರ್ತಿ ಅಡ್ಡಾದ. ಕೋಣನಿಗೂ ಕೋಣನಿಗೂ ಜಗಳ ಬಿದ್ದರೆ ಗಿಡಕ್ಕೆ ಮಿತ್ತು ಎನ್ನುತ್ತಾರಲ್ಲ, ಹಾಗೆ ಇವನ ಜೀವ ಹೋಗುವುದು ಬೇಡ ಎಂದು ನಾಲಿಗೆ ಕಚ್ಚಿಕೊಂಡೆ.

"ಒಬ್ ಪಟೇಲುನ್ನ ಕಳ್ಕಂಡಿವ್ನಿ ಕಣವ್ವಾ. ಇನ್ನೊಬ್ಬುನ್ನ ಕಳ್ಕೊಳಾಕಾಗಕಿಲ್ಲ. ತತ್ತಾ."

ಆಮೇಲೆ ಇಬ್ಬರಿಗೂ ಮಾತಾಡಲು ಪುರುಸೊತ್ತಿರಲಿಲ್ಲ. ಗೇಟು ಸುತ್ತಿ ಬಂದರೆ ತಡವಾಗುತ್ತದೆ ಎಂದು ನಾನು ನಮ್ಮ ತೊಟ್ಟಿಯಿಂದ ನೀರು ತೋಡಿ ಗೋಡೆಯ ಮೇಲಿಟ್ಟೆ, ಅವರು ಆ ಮಂಡಿ ಇಟ್ಟುಕೊಂಡು ಬಕೆಟ್ ಇಳಿಸಿಕೊಂಡರು. ಆ ಗೋಡೆಯ ಮೇಲೆ ಇಷ್ಟು ವರ್ಷ ಎಲ್ಲವೂ ಆ ಕಡೆಯಿಂದ ಈ ಕಡೆಗೇ ಬಂದಿದ್ದು. ಅವತ್ತು ಮೊದಲ ಸಲ ಈ ಕಡೆಯಿಂದ ಹೋಯಿತು. ಮೊದಲು ಮೀನುಗಳನ್ನು ನಮ್ಮ ನೀರಿನ ಬಕೆಟ್ಟಿಗೆ ಹಾಕಿ, ಗಾಳಿ ಊದುವ ಮೋಟರಿನ ಪೈಪು ಇಳಿಬಿಟ್ಟೆವು. ಅವರ ತೊಟ್ಟಿಯ ಘಾಟು ನೀರನ್ನು ಖಾಲಿ ಮಾಡಿ, ನಮ್ಮ ಡ್ರಮ್ಮಿನಲ್ಲಿ ಹಿಂದಿನ ದಿನದಿಂದ ಇದ್ದ ನೀರು ತುಂಬಿದೆವು. ಆಫೀಸಿಗೆ ಫೋನು ಮಾಡಿ ಅರ್ಧ ದಿನ ರಜೆ ಕೇಳಿದೆ. ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಪಕ್ಕದ ಮನೆಯ ಪಟೇಲರಿಗೆ ಎಂದೆ. ಸುಳ್ಳಲ್ಲವಲ್ಲ.

ಕೊನೆಗೆ ನಮ್ಮ ಫಿಲ್ಟರಿನ ಕಂದು ಬಣ್ಣಕ್ಕೆ ತಿರುಗಿದ ಸ್ಪಂಜನ್ನು ಕತ್ತರಿಯಿಂದ ಎರಡು ಭಾಗ ಮಾಡಿ ಒಂದನ್ನು ತಂದೆ. ಕಾಮಾಕ್ಷಮ್ಮ ಅದನ್ನು ನೋಡಿ ಮುಖ ಹಿಂಡಿದರು. ಇಷ್ಟು ಕೊಳಕು ಯಾಕೆ ಎಂದರು. ಇದು ಕೊಳಕಲ್ಲ, ಮೀನಿನ ಹೇಲುಚ್ಚೆಯ ವಿಷವನ್ನು ತಿಂದು ನೀರನ್ನು ಹದದಲ್ಲಿಡುವ ಕಣ್ಣಿಗೆ ಕಾಣದ ಹುಳುಗಳು ಇದರಲ್ಲೇ ಇರುವುದು, ನೀವು ಉಜ್ಜಿ ಬಿಸಿಲಿಗೆ ಹಾಕಿದ್ದು ಅವನ್ನೇ ಎಂದು ವಿವರಿಸಿದೆ. ಅವರು ಬಗ್ಗಿ ಅದನ್ನು ಹತ್ತಿರದಿಂದ ನೋಡಿದರು.

"ಅಂಗಾರೆ ನಾನು ಎಪ್ಪೇ ತೊಳ್ದಾಕ್ಬುಟ್ಟಿವ್ನಿ ಅನ್ನು."

ಹೌದು, ಹೆಪ್ಪು. ಇಷ್ಟು ವರ್ಷ ಮೀನು ಸಾಕಿದ ನನಗೂ ಅಶೋಕನಿಗೂ ಆ ಮಾತು ಹೊಳೆದಿರಲಿಲ್ಲ. ಹೊಸ ನೀರು ಬಂದು ಹಳೇ ನೀರು ಕೊಚ್ಚಿಕೊಂಡು ಹೋಗಬೇಕು ಎನ್ನುವುದು ಹೊಳೆಯ ಮಾತು, ತೊಟ್ಟಿಯದು ಮೊಸರಿನ ಲೆಕ್ಕ. ಕಾಮಾಕ್ಷಮ್ಮ ನನ್ನ ಕೈಯಿಂದ ಆ ಸ್ಪಂಜಿನ ತುಂಡನ್ನು ತೆಗೆದುಕೊಂಡು, ಬಟ್ಟಲು ಹಿಡಿದ ಹಾಗೆ ಬೊಗಸೆಯಲ್ಲಿ ಹಿಡಿದು ತಾವೇ ಫಿಲ್ಟರಿಗೆ ಸೇರಿಸಿದರು. ನಮ್ಮ ಮನೆಯ ಹೆಪ್ಪು ಅವರ ಮನೆಗೆ ಬಿತ್ತು ಎಂದು ನನಗೆ ಒಳಗೊಳಗೇ ನಗು ಬಂತು. ನಗುವ ಹೊತ್ತಾಗಿರಲಿಲ್ಲ.

ಬಕೆಟ್ಟಿನ ಎದುರು ಕೂತೆವು. ಅವರು ಮಣೆ ಹಾಕಿಕೊಂಡು, ನಾನು ನೆಲದ ಮೇಲೆ. ಉಳಿದ ಮೀನುಗಳು ಬೇಗ ಚೇತರಿಸಿಕೊಂಡು ಕೆಳಗಿಳಿದವು. ಪಟೇಲ ಮಾತ್ರ ಅಡ್ಡಡ್ಡ ತೇಲುತ್ತಿದ್ದ. ಸ್ನೇಹಲತಾ ಶಾಲೆ ಮುಗಿಸಿ ಬಂದು, ನಾನು ಅವರ ಹಾಲ್‌ನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುವುದನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತಳು. ಆಮೇಲೆ ಒಳಗೆ ಹೋಗಿ ಮೂವರಿಗೂ ಕಾಫಿ ತಂದಳು. ದೀಪ ಹಚ್ಚುವ ಹೊತ್ತಿಗೆ ಪಟೇಲ ಒಮ್ಮೆ ಬಾಲ ಬೀಸಿದ. ಮತ್ತೆ ವಾಲಿದ. ಮತ್ತೆ ಬೀಸಿದ. ನಿಧಾನಕ್ಕೆ ಹೊಟ್ಟೆ ಕೆಳಗಾಗಿ ನೆಟ್ಟಗೆ ನಿಂತ. ನಿಂತವನೇ ಯಜಮಾನನ ಗತ್ತಿನಲ್ಲಿ ಬಕೆಟ್ಟನ್ನು ಒಂದು ಸುತ್ತು ಹಾಕಿದ.

ಕಾಮಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ ಕಣ್ಣು ತುಂಬಿತು. ಒಂದು ಮೀನಿಗೆ ಇಷ್ಟು ಅಳುವುದೇ ಎಂದು ನಗುವವರು ನಗಲಿ. ಸತ್ತ ಕಪ್ಪು ಮೀನನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು ಮನೆಗೆ ಬಂದು, ಮಧ್ಯಾಹ್ನದ ಊಟವನ್ನು ರಾತ್ರಿಯ ಊಟದ ಜೊತೆ ಸೇರಿಸಿ ಉಂಡೆ. ಅಶೋಕನಿಗೆ ಎಲ್ಲ ಹೇಳಿದೆ. ಆ ಒಂದು ಗಳಿಗೆ ಸುಮ್ಮನಾದರಲ್ಲ, ಅದನ್ನೂ ಹೇಳಿದೆ. ಅವನು, ಆಮೇಲೆ ತೆಗೆದುಕೊಂಡರಲ್ಲ ಬಿಡು ಎಂದ. ಮೀನಿಗೆ ತೆಗೆದುಕೊಂಡರು, ತಮಗಲ್ಲ ಎಂದೆ ನಾನು.

ಆ ವಾರವೆಲ್ಲ ಅವರ ತೊಟ್ಟಿಗೆ ದಿನಾ ಸ್ವಲ್ಪ ಸ್ವಲ್ಪ ನಮ್ಮ ಡ್ರಮ್ಮಿನ ನೀರು ಗೋಡೆ ದಾಟುತ್ತಿತ್ತು. ನೀರು ಹದಕ್ಕೆ ಬಂತು. ಪಟೇಲ ಊಟಕ್ಕೆ ಮೊದಲಿನಂತೆ ಮುನ್ನುಗ್ಗತೊಡಗಿದ.

ಭಾನುವಾರ ಕಾಮಾಕ್ಷಮ್ಮ ಬಂದರು. ಜಗಲಿಯ ಮೇಲೆ ಕೂರಲಿಲ್ಲ. ಚಪ್ಪಲಿ ಬಿಟ್ಟು, ಹೊಸಿಲು ದಾಟಿ ಒಳಗೆ ಬಂದು, ನಮ್ಮ ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂತರು. ನನಗೆ ಏನು ಮಾಡಲೂ ತೋಚದೆ, ಮೀನಿನ ವಿಷಯ ಮಾತಾಡುತ್ತಾ ನಿಂತೆ. ಸ್ಪಂಜು ಹಿಂಡಿದ್ದೀರಾ, ಊಟ ಕಡಿಮೆ ಹಾಕುತ್ತಿದ್ದೀರಾ ಎಂದೆಲ್ಲ ಕೇಳಿದೆ. ಅವರು ಹೂಂ ಎನ್ನುತ್ತಲೇ ನನ್ನ ಮುಖ ನೋಡುತ್ತಿದ್ದರು, ಏನನ್ನೋ ಕಾಯುವವರ ಹಾಗೆ.

"ಯಾಕವ್ವಾ, ಇವತ್ ನೀರ್ ಬೇಕಾ ಅಂತ ಕೇಳ್ನೇ ಇಲ್ವಲ್ಲ?"

ಮೀನಿನ ಮಾತನ್ನು ಅಲ್ಲಿಗೇ ಬಿಟ್ಟು ಅವರ ಕಡೆ ತಿರುಗಿದೆ.

"ನಾನ್ ಕುಡೀದಿರೋ ನೀರ್ನ ಅವುಕ್ ಕುಡಿಸಕಿಲ್ಲ ಅಂದಿದ್ದೆ. ಈಗ ವಾರದಿಂದ ಪಟೇಲ ನಿಮ್ಮನೆ ನೀರೇ ಕುಡೀತಾವ್ನೆ. ತಾ, ಒಂದ್ ಲೋಟ."

ಅಡುಗೆಮನೆಗೆ ಹೋಗಿ ಲೋಟದ ತುಂಬ ನೀರು ಬಗ್ಗಿಸಿದೆ. ತಂದುಕೊಟ್ಟೆ. ಅವರು ಎತ್ತಿ ಕುಡಿಯಲಿಲ್ಲ. ಲೋಟವನ್ನು ಕಚ್ಚಿಕೊಂಡೇ, ಗುಟುಕು ಗುಟುಕಾಗಿ, ತಳ ಕಾಣುವ ತನಕ ಕುಡಿದು ಬಾಯಿ ಒರೆಸಿಕೊಂಡರು.

"ಇನ್ನೊಂದ್ ಲೋಟ ತಾರವ್ವಾ. ಬಿಸ್ಲು ಜಾಸ್ತಿ."

ಹೊರಗೆ ಬೆಳಗಿನಿಂದ ಮೋಡ ಕವಿದಿತ್ತು. ನಾನು ಚೊಂಬನ್ನೇ ತಂದಿಟ್ಟೆ.