ಹಂಚಿಗೆ ಹೊಡೆದ ಗುಂಡು

ಕಾದ ಕಬ್ಬಿಣಕ್ಕೆ ಉಳ್ಳಾಗಡ್ಡಿ ಉಜ್ಜಿದಾಗ ಏಳುವ ವಾಸನೆ. ನನ್ನ ಬಾಲ್ಯವೆಂದರೆ ಅದು. ನಾನು ರೊಟ್ಟಿ ಬೇಯಿಸುವ ಹಂಚು. ಕಮ್ಮಾರ ಮಾನಪ್ಪ ನನ್ನನ್ನು ಬಡಿದು, ನಡುವೆ ತುಸು ತಗ್ಗು ಮಾಡಿದ. ಅವನ ಹೆಂಡತಿ ಈರವ್ವ ಅಂಚಿನ ಸುತ್ತ ಬೆರಳಾಡಿಸಿ, "ಇಲ್ಲಿ ಚೂಪ ಐತಿ ನೋಡ್ರಿ. ರೊಟ್ಟಿ ಮಾಡಾಕಿ ಕೈ ಹರೀತೈತಿ" ಎಂದಳು. ಯಾವ ಊರಿನ ಯಾವ ಹೆಂಗಸಿನ ಕೈಯೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಗಂಡನಿಂದ ಅರ ಹಾಕಿಸಿ, ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ಮೈಯೆಲ್ಲ ತಿಕ್ಕಿದಳು.

ಅಮೀನಗಡದ ಸಂತೆಯಲ್ಲಿ ನೀಲವ್ವ ನನ್ನನ್ನು ಕೊಂಡಳು. ಅವಳ ಒಲೆಯ ಮೇಲೆ ಕೂತು ನಾನು ಕೆಲಸ ಕಲಿತೆ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವಳ ಬಳೆ, ಗಲ್ಲ, ಬೆವರು. ಮಳೆಗಾಲದಲ್ಲಿ ನನಗೆ ತುಕ್ಕು ಹಿಡಿಯಬಾರದೆಂದು ಎಣ್ಣೆ ಅರಿವೆಯಿಂದ ಒರೆಸಿಡುತ್ತಿದ್ದಳು. ವರ್ಷಗಟ್ಟಲೆ ಬೆಂಕಿ ತಿಂದು, ಕೆರೆಸಿಕೊಂಡು, ನನ್ನ ನಡು ತೆಳುವಾಯಿತು.

ನೀಲವ್ವ ತೀರಿಕೊಂಡ ಮೇಲೆ ಸೊಸೆ ಕಸ್ತೂರಿಯ ಕೈಗೆ ಬಂದೆ. ಮೊದಮೊದಲು ಅವಳ ರೊಟ್ಟಿ ನನ್ನ ಮೇಲೆ ಹರಿಯುತ್ತಿತ್ತು. ಅವಳು ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಉರಿ ಸಣ್ಣದು ಮಾಡಿ ಇನ್ನೊಂದು ಬಡಿಯುತ್ತಿದ್ದಳು.

ಇಲ್ಲಿಯವರೆಗೆ ನನ್ನದು ಮರ್ಯಾದೆಯ ಬದುಕು. ಅದನ್ನು ಕೆಡಿಸಿದ್ದು ನಾಟಕ.

ನಮ್ಮೂರಲ್ಲಿ ಹೋಳಿ ಹುಣ್ಣಿಮೆಗೆ ಊರವರೇ ಸೇರಿ ನಾಟಕ ಆಡುತ್ತಾರೆ. ಕಸ್ತೂರಿಯ ಗಂಡ ಸಂಗನಬಸು ಆ ಸಲದ ಹೀರೋ. ಹಂದಿ ಓಡಿಸಲು ಲೈಸನ್ಸಿನ ಬಂದೂಕು ಇಟ್ಟುಕೊಂಡಿದ್ದ ರುದ್ರಗೌಡ ಖಳನಾಯಕ. ನಾಟಕ ಬರೆದು ಕಲಿಸುವವರು ಗುರುಪಾದಪ್ಪ ಮಾಸ್ತರು. ಅವರ ನಾಟಕದಲ್ಲಿ ಖಳನಾಯಕ ಗುಂಡು ಹಾರಿಸುತ್ತಾನೆ, ಹೀರೋ ಅಂಗಿ ಬಿಚ್ಚಿದರೆ ಎದೆಯ ಮೇಲೆ ತಾಯಿಯ ರೊಟ್ಟಿ ಹಂಚು! ಹಿಂದಿನ ವರ್ಷ ಪರದೆಯ ಹಿಂದೆ ಹೊಡೆದ ಪಟಾಕಿ ಫುಸ್ಸೆಂದು, ಜನ ಹೊಟ್ಟೆ ಹಿಡಿದು ನಕ್ಕಿದ್ದರಂತೆ. ಈ ಸಲ ನಿಜವಾದ ಬಂದೂಕು, ನಿಜವಾದ ತೋಟಾ ಎಂದು ಮೂವರೂ ನಿಶ್ಚಯಿಸಿದರು.

"ಸಿನಿಮಾದಾಗ ನೋಡಿಲ್ಲೇನು? ಬುಟ್ಟಿ, ಬೋಗಾಣಿ ಹಿಡದ್ರೂ ಗುಂಡು ಟಣ್ ಅಂತ ಹೊಳ್ಳಿ ಹೋಗತೈತಿ. ಇದು ಕಬ್ಬಿಣ ಹಂಚಲೇ!" ಎಂದ ಸಂಗನಬಸು. ಕಸ್ತೂರಿ ಹಿಟ್ಟು ನಾದಿ ಕೂತಿದ್ದಾಗಲೇ ನನ್ನನ್ನು ಒಲೆಯಿಂದ ಎತ್ತಿಕೊಂಡು ನಡೆದ.

ಮೂವರೂ ನನ್ನನ್ನು ಹೊಲದ ಬದುವಿಗೆ ಒರಗಿಸಿದರು. ರುದ್ರಗೌಡ ಹೊಲದ ಆ ತುದಿಯಲ್ಲಿ ನಿಂತು, ಹಕ್ಕಿ ಹೊಡೆಯುವ ಸಣ್ಣ ಚರೆಯ ತೋಟಾ ಹಾಕಿ ಹಾರಿಸಿದ. ಅಷ್ಟು ದೂರದಿಂದ ಬಂದ ಸಾಸಿವೆಯಂಥ ಚರೆ ನನಗೆ ಬಡಿದು ಉದುರಿದವು. ಅಷ್ಟಕ್ಕೇ ಕುಣಿದಾಡಿದರು! ಮಾಸ್ತರು ನನಗೆ ಕುಂಕುಮ ಹಚ್ಚಿ ಹಾರ ಹಾಕಿದರು. ಇಷ್ಟು ಕಾಲ ಇವರ ಹೊಟ್ಟೆ ತುಂಬಿಸಿದೆನಲ್ಲ, ಒಬ್ಬನಾದರೂ ಒಂದು ಹೂವಿನ ಎಸಳು ಇಟ್ಟಿದ್ದನೇ? ನನ್ನ ಸಿಟ್ಟು ಹಾರಕ್ಕಲ್ಲ. ನಾಟಕದಲ್ಲಿ ಗೌಡ ನಿಲ್ಲುವುದು ಸಂಗನಬಸುವಿನ ಎದುರಿಗೇ, ನಾಲ್ಕು ಹೆಜ್ಜೆ ಅಂತರದಲ್ಲಿ. ಅದನ್ನು ಯಾರೂ ನೆನೆಯಲಿಲ್ಲ. ನಾನು ಕೂಗಿಕೊಂಡರೆ ಯಾರಿಗೆ ಕೇಳೀತು?

ಕಸ್ತೂರಿಗೆ ಹೊಳೆಯಿತು. ತಾಲೀಮು ನಡೆದಿದ್ದ ಗರಡಿಮನೆ ಅಂಗಳಕ್ಕೆ ಬಂದು, ನನ್ನನ್ನು ಎದೆಗೆ ಕಟ್ಟಿಕೊಂಡಿದ್ದ ಗಂಡನ ಮುಂದೆ ನಿಂತಳು.

"ಹಂಚು ಎದಿ ಮುಚ್ಚತೈತಿ. ಮಾರಿ ಯಾರು ಮುಚ್ಚತಾರ್ರಿ?"

"ಗೌಡ್ರ ಗುರಿ ತಪ್ಪಂಗಿಲ್ಲ" ಎಂದ ಗಂಡ.

"ಹೋದ ತಿಂಗಳ ಹಂದಿಗೆ ಹೊಡದು ನಮ್ಮ ಎಮ್ಮಿ ಕಿವಿ ಹಾರಿಸಿದ್ರಲ್ಲ, ಅದ ಗುರಿಯೇನು?"

ನಟರೆಲ್ಲ ನಕ್ಕರು. ರುದ್ರಗೌಡ ಮೀಸೆ ಒರೆಸಿಕೊಂಡ. ಸಂಗನಬಸು ಮಾತ್ರ ನಗಲಿಲ್ಲ. "ಇದು ನಮ್ಮವ್ವನ ಹಂಚು. ಅವ್ವ ನನ್ನ ಕಾಯ್ತಾಳ" ಎಂದ.

"ಅತ್ತಿ ನಿಮ್ಮ ಹೊಟ್ಟಿ ಕಾದಾಳ. ಗುಂಡು ತಡಿ ಅಂತ ಸತ್ತಾಕಿಗೆ ಯಾಕ ಹಚ್ಚತೀರಿ?" ಕಸ್ತೂರಿ ಹೊತ್ತು ತಂದಿದ್ದನ್ನು ಕೆಳಗಿಟ್ಟಳು. "ಒಂದ ಮಾತು ಕೇಳ್ರಿ. ನಾಟಕದಾಗ ನಿಲ್ಲೋ ಜಾಗದಾಗ ನಿಂತು ಇದಕ್ಕ ಹೊಡೀರಿ. ಆಮ್ಯಾಲ ನಾ ಬಾಯಿ ತೆರೆಯಂಗಿಲ್ಲ."

ಅವಳು ತಂದಿದ್ದು ದೊಡ್ಡ ಕುಂಬಳಕಾಯಿ. ಅದಕ್ಕೆ ಸಂಗನಬಸುವಿನ ನಾಟಕದ ಅಂಗಿ ತೊಡಿಸಿ, ಹಾಳುಗೋಡೆಯ ಮುಂದೆ ಕಲ್ಲಿನ ಮೇಲೆ ಕೂರಿಸಿ, ನನ್ನನ್ನು ಅದರ ಎದೆಗೆ ಕಟ್ಟಿದಳು. ಎಲ್ಲರೂ ಹಿಂದೆ ಸರಿದರು. ಗೌಡ ನಾಲ್ಕು ಹೆಜ್ಜೆ ದೂರ ನಿಂತ. ಹಂದಿಗೆ ಹಾಕುವ ದಪ್ಪ ಗುಂಡಿನ ತೋಟಾವನ್ನೇ ತುಂಬಿದ, ಏಕೆಂದರೆ ನಾಟಕದ ದಿನ ಸದ್ದು ಜೋರಾಗಿರಲೆಂದು ಅದನ್ನೇ ತೆಗೆದಿಟ್ಟಿದ್ದ.

ಸದ್ದು ನನಗೆ ಕೇಳಲೇ ಇಲ್ಲ. ನನ್ನ ತೆಳುವಾದ ನಡು ಹರಿದು, ಅದರ ಚೂರುಗಳೂ ಗುಂಡಿನ ಜೊತೆಗೇ ಒಳಹೊಕ್ಕವು. ಕುಂಬಳಕಾಯಿ ಒಡೆದು ಬೀಜ, ತಿರುಳು ಗೋಡೆಗೆ ಹತ್ತಿದವು. ಅಂಗಿಯ ಬೆನ್ನಲ್ಲಿ ಮುಷ್ಟಿ ತೂರುವಷ್ಟು ತೂತು.

ಸಂಗನಬಸು ಆ ತೂತಿನೊಳಗೆ ಕೈ ಹಾಕಿ ನೋಡಿದ. ರುದ್ರಗೌಡ ಬಂದೂಕು ಮಡಚಿ, "ಮಾಸ್ತರ, ಡೋಲು ಬಡಸ್ರಿ. ಸಾಕು" ಎಂದ. ನಾಟಕ ಡೋಲಿನ ಸದ್ದಿನಲ್ಲೇ ಆಯಿತು. ಜನ ನಕ್ಕರಂತೆ. ನಗಲಿ.

ಈಗ ನಾನು ಹಿತ್ತಲ ಗೋಡೆಗೆ ಒರಗಿದ್ದೇನೆ. ತೂತು ಬಿದ್ದ ಹಂಚಿನ ಮೇಲೆ ಯಾರು ರೊಟ್ಟಿ ಬಡಿಯುತ್ತಾರೆ? ದಪ್ಪ ಹಂಚಾಗಿದ್ದರೆ ತಡೆಯುತ್ತಿತ್ತು ಎನ್ನುವವರು ಇನ್ನೂ ಇದ್ದಾರೆ. ತಡೆದರೂ ಆ ಹೊಡೆತಕ್ಕೆ ಒಳಗಿನ ಎಲುಬು ಉಳಿದೀತೇ? ಎರಕ ಹೊಯ್ದ ಬೀಡಿನ ಹಂಚಾಗಿದ್ದರೆ ಚೂರುಚೂರಾಗಿ ಅದೇ ಚುಚ್ಚುತ್ತಿತ್ತು. ಬಂದೂಕು ಕೆಳಗಿಡಿ ಎನ್ನಲು ಬಾಯಿಲ್ಲದವರು ಅಡುಗೆಮನೆಗೆ ನುಗ್ಗಿ ಗುರಾಣಿ ಹುಡುಕುತ್ತಾರೆ. ನನ್ನ ಸಿಟ್ಟು ಇನ್ನೂ ಆರಿಲ್ಲ.

ಆದರೂ ಗುಂಡು ಹಾರಿದ ಆ ಮಧ್ಯಾಹ್ನದ ಮಾತೊಂದು ಹೇಳಬೇಕು. ಸಂಗನಬಸು ಮನೆಯೊಳಗೆ ಹೋಗಲಾರದೆ ಇಲ್ಲಿಯೇ, ನನ್ನ ಪಕ್ಕದಲ್ಲಿ, ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ಕಸ್ತೂರಿ ನೆರೆಮನೆಯ ಒಲೆಯಲ್ಲಿ ರೊಟ್ಟಿ ಬೇಯಿಸಿಕೊಂಡು ಬಂದಳು. ಬೈಯುತ್ತಾಳೆಂದು ಕಾದೆ. ಅವಳು ಅವನೆದುರು ಕೂತು, ಬಿಸಿ ರೊಟ್ಟಿಯ ಮೇಲೆ ಕಡಲೆಹಿಟ್ಟಿನ ಜುಣಕ ಹಾಕಿ, ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿ ಇಟ್ಟು, ತಾಟನ್ನು ಅವನ ಕೈಗೆ ಕೊಟ್ಟಳು.