ತಳ ಮುಟ್ಟಿದ ಷೇರು

೧
ಈ ಕತೆಯನ್ನು ಎಲ್ಲಿಂದ ಶುರುಮಾಡುವುದು? ಷೇರುಪೇಟೆಯ ಗ್ರಾಫಿನಿಂದ ಶುರುಮಾಡಿದರೆ ನೀವು ಪುಟ ತಿರುವಿಹಾಕುತ್ತೀರಿ. ಹೋಗಲಿ, ಒಂದು ಬಾಯಿಂದ ಶುರುಮಾಡೋಣ. ಆ ಬಾಯಿ ಅಗಲವಾಗಿ ತೆರೆದಿತ್ತು. ಡಾಕ್ಟರಮ್ಮ ಅದರೊಳಗೆ ಹುಳುಕು ಹಲ್ಲನ್ನು ಕೊರೆಯುತ್ತಿದ್ದಳು. ಆಗ ಫೋನ್ ಬಡಿದುಕೊಂಡಿತು. ಗಂಡನದು. ಬೆಳಗಿನಿಂದ ಎಷ್ಟನೆಯದೋ.

“ಚಿಪ್ ಕಂಪನೀ ಷೇರು ಮಾರಿಬಿಡ್ಲಾ?”

“ಬೇಡ ರೀ! ಏರ್ತಿರೋದು ಅದೊಂದೇ. ಇನ್ನೊಂದನ್ನ ಮಾರಿ.”

“ಅದೀಗ ತಳ ಮುಟ್ಟಿದೆ. ಇನ್ಮೇಲೆ ಏರೋದೇ.”

“ಹೋದ ತಿಂಗಳೂ ತಳ ಮುಟ್ಟಿತ್ತಲ್ಲ!”

ಪೇಷೆಂಟು “ಆಂ, ಆಂ” ಎಂದರು. (ಅವರ ಸಲಹೆ ಏನಿತ್ತೋ. ಬಾಯಲ್ಲಿ ಹತ್ತಿ ಇತ್ತು.)

೨
(ಇಲ್ಲೊಂದು ಡ್ರಾಫ್ಟ್ ಹರಿದುಹಾಕಿದ್ದೇನೆ. ಅದರಲ್ಲಿ ಗಂಡ ದುರಾಸೆಯ ಪೆದ್ದ. “ನಂಗೆ ದುಡ್ಡಿನಾಸೆ ಅಂತ ಯಾರ್ ಹೇಳಿದ್ದು ನಿಮ್ಗೆ?” ಎಂದು ಅವನೇ ನನ್ನ ಮೇಲೆ ರೇಗಿದ. ಸರಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.)

ಷೇರು ಇಳಿಯುತ್ತಿದ್ದ ಆ ಇನ್ನೊಂದು ಕಂಪನಿ, ಆಡಿದ ಮಾತನ್ನು ಬರಹಕ್ಕಿಳಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಅವನು ಅಲ್ಲಿ ಹನ್ನೊಂದು ವರ್ಷ ದುಡಿದಿದ್ದ. ಸಂಬಳದ ಜೊತೆ ಷೇರನ್ನೂ ಕೊಡುತ್ತಿದ್ದರು. ಹೋದ ವರ್ಷ ವಿಡಿಯೋ ಕಾಲ್ ಮಾಡಿ ಅವನನ್ನು ಕೆಲಸದಿಂದ ತೆಗೆದರು. ಷೇರು ಉಳಿಯಿತು.

ಈಗ ಕ್ಲಿನಿಕ್ಕಿನ ಕುರ್ಚಿ ಮೇಲಕ್ಕೇರಿದರೆ ಕೆಳಗೆ ಬರುತ್ತಿರಲಿಲ್ಲ. (ರೂಪಕ ಹುಡುಕಬೇಡಿ. ಮೋಟರು ನಿಜಕ್ಕೂ ಕೆಟ್ಟಿತ್ತು.) ಹೊಸದಕ್ಕೆ ನಾಳೆಯೊಳಗೆ ಮುಂಗಡ ಕಟ್ಟಬೇಕು. ಎರಡು ಕಂಪನಿಯ ಷೇರಿನಲ್ಲಿ ಒಂದನ್ನು ಮಾರದೆ ಗತಿಯಿಲ್ಲ.

೩
ಪೇಷೆಂಟನ್ನು ಸ್ಟೂಲಿಟ್ಟು ಇಳಿಸಿ, ಕ್ಲಿನಿಕ್ಕಿಗೆ ಬೀಗ ಜಡಿದು, ಅವಳು ಸೀದಾ ಮನೆಗೆ ಬಂದಳು. ದಾರಿಯುದ್ದಕ್ಕೂ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಳು. ಅವನು ಲ್ಯಾಪ್‌ಟಾಪಿನ ಮುಂದೆ ಗರ ಬಡಿದವನಂತೆ ಕೂತಿದ್ದ.

“ಅವರು ನಿಮ್ಮನ್ನ ಮನೆಗೆ ಕಳಿಸಿದೋರು ರೀ! ಅವರ ಷೇರಿಗೆ ಯಾಕೆ ಇಷ್ಟು ಒದ್ದಾಡ್ತೀರಾ?”

“ಅವರ ಸಾಫ್ಟ್‌ವೇರಲ್ಲಿ ಅರ್ಧಕ್ಕರ್ಧ ನಾನು ಬರ್ದಿದ್ದು ಕಣೇ.” ಪರದೆಯಿಂದ ಕಣ್ಣು ತೆಗೆಯದೆ ಅಂದ: “ಇದನ್ನೂ ಮಾರಿಬಿಟ್ರೆ, ನಾನು ಅಲ್ಲಿದ್ದೆ ಅನ್ನೋದಕ್ಕೆ ಏನಿದೆ?”

ಅವಳು ಜೋಡಿಸಿಟ್ಟ ಬೈಗುಳ ಒಂದೂ ಇದಕ್ಕೆ ಹೊಂದಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ. ಇದನ್ನು ಒಂದು ವರ್ಷದಿಂದ ಹೇಳದೆ, ತಳ, ಗ್ರಾಫು ಅಂತೆಲ್ಲ ತನ್ನ ತಲೆ ತಿಂದನಲ್ಲ!

೪
ಅಂತ್ಯ ಒಂದು: ಎಲ್ಲವನ್ನೂ ಮಾರುತ್ತಾರೆ, ಮರುದಿನವೇ ಬೆಲೆ ಗಗನಕ್ಕೇರುತ್ತದೆ.

ಅಂತ್ಯ ಎರಡು: ಕಂಪನಿ ಅವನನ್ನು ವಾಪಸ್ ಕರೆಯುತ್ತದೆ. (ಬರೆಯುತ್ತಿರುವಾಗಲೇ ನಾಚಿಕೆಯಾಯಿತು.)

“ಸ್ವಲ್ಪ ಸುಮ್ನಿರ್ತೀರಾ?” ಎಂದಳು ಡಾಕ್ಟರಮ್ಮ. ಹೇಳಿದ್ದು ನನಗೆ. ಆಮೇಲೆ ಕುರ್ಚಿ ಎಳೆದುಕೊಂಡು ಗಂಡನ ಪಕ್ಕ ಕೂತಳು.

“ಒಂದೇ ಒಂದು ಷೇರು ಇಟ್ಕೊಳ್ಳಿ. ಮಿಕ್ಕಿದ್ದು ಮಾರಿ.”

ಅವನು ಯೋಚಿಸಿದ. “ಹತ್ತು.”

“ಎರಡು.”

“ಎಂಟು.”

“ರೀ!”

“ಐದು. ಅದಕ್ಕಿಂತ ಇಳಿಯಲ್ಲ.”

ಇಬ್ಬರಿಗೂ ನಗು ಬರುವಂತಿತ್ತು, ಇಬ್ಬರೂ ತೋರಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಮೂಡಿತು: ಇಂದಿನ ವಹಿವಾಟು ಮುಗಿದಿದೆ.

“ನೋಡಿದ್ರಾ!” ಎಂದು ಅವಳು ಹಣೆ ಚಚ್ಚಿಕೊಂಡಳು.

ಮರುದಿನ ಮಾರಿದರೋ ಇಲ್ಲವೋ, ನನ್ನನ್ನು ಕೇಳಬೇಡಿ. ತಿಳಿದುಕೊಳ್ಳೋಣವೆಂದು ನಾನೂ ಬಾಗಿಲ ತನಕ ಹೋಗಿದ್ದೆ. ಒಳಗಿನಿಂದ “ಮೂರು” ಎನ್ನುವುದು ಕೇಳಿಸಿತು. ಯಾರ ದನಿಯೋ ಗೊತ್ತಾಗಲಿಲ್ಲ.