ಸವೆದ ಹಿಮ್ಮಡಿ

ಬಲಗಾಲಿಗೇ ಭಾರ ಹಾಕುತ್ತಿದ್ದಾರೆ, ಮೆಟ್ಟಿಲು ಹತ್ತುತ್ತಿರುವವರು ಪಾದ್ರಿಗಳೇ ಇರಬೇಕು, ಎಡಮಂಡಿ ಮತ್ತೆ ಕೈಕೊಟ್ಟಿದೆ — ಜೀವಮಾನವಿಡೀ ಕೃತಕ ಕಾಲು ಮಾಡಿಕೊಂಡು ಬಂದವನಿಗೆ ಮುಖ ಯಾಕೆ, ಹೆಜ್ಜೆ ಸಾಕು, ಡಾಕ್ಟರ ಹತ್ತಿರ ಮಾತಾಡಿ ಬಂದ ಮಗಳು ಎಲ್ಲ ಚೆನ್ನಾಗಿದೆಯಂತೆ ಅಪ್ಪಾ ಅಂದಳಲ್ಲ, ಅವಳ ಬಾಯಿ ಹೇಳಿತು, ಹೆಜ್ಜೆ ಹೇಳಲಿಲ್ಲ, ಕಾಲೆಳೆದುಕೊಂಡು ಬಂದಳು ಪಾಪ, ಇನ್ನು ಕೆಲವೇ ವಾರ ಎಂದು ನನಗೆ ಆಗಲೇ ಗೊತ್ತಾಯಿತು, ಹಾಸಿಗೆ ಕೆಲಸದ ಕೋಣೆಗೇ ಹಾಕಮ್ಮ ಅಂದೆ, ಇಲ್ಲಿ ಅಂಟಿನ ವಾಸನೆ ಇದೆ, ಚರ್ಮದ ಪಟ್ಟಿಗಳಿವೆ, ಬಾಗಿಲ ಪಕ್ಕ ನನ್ನ ಹೆಂಡತಿಯ ಕೃತಕ ಕಾಲಿದೆ, ಬೂಟು ಹಾಕಿಕೊಂಡೇ ನಿಂತಿದೆ, ಹಿಮ್ಮಡಿಯ ಹೊರ ಅಂಚು ಸವೆದುಹೋಗಿದೆ.

ಗಿರಾಕಿಯಾಗಿ ಬಂದವಳು, ಬಸ್ಸಿನಡಿ ಕಾಲು ಕಳೆದುಕೊಂಡ ಹುಡುಗಿ, ಅಳತೆ ತೆಗೆಯುವಾಗ ನಾನು ಪಟ್ಟಿ ತಲೆಕೆಳಗಾಗಿ ಹಿಡಿದದ್ದಕ್ಕೆ ನಕ್ಕವಳು, ಆಮೇಲೆ ಹಾಗೇ ಮನೆಯಲ್ಲೇ ಉಳಿದುಬಿಟ್ಟಳು, ಮದುವೆಯಾದ ಮೇಲೂ ನನ್ನದೊಂದೇ ಹಟ, ಕುಂಟು ಪೂರ್ತಿ ಹೋಗಬೇಕು, ಕಾಲನ್ನ ಇನ್ನೊಂದು ಎಳೆಯಷ್ಟು ಉಜ್ಜಿದರೆ ಸರಿಹೋಗುತ್ತೆ ಕೊಡು ಅಂದರೆ ಅವಳು, ಸಾಕು ಬಿಡಿ, ಇಷ್ಟು ಇರಲಿ, ಇಲ್ಲದಿದ್ರೆ ಬಂದಿದ್ದು ನಾನೇ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂದಳು, ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ, ಆದರೆ ಸಂಜೆ ಒಂದು ಹೆಜ್ಜೆ ಗಟ್ಟಿಯಾಗಿ, ಒಂದು ಮೆತ್ತಗೆ ಅಂಗಳ ದಾಟಿ ಬಂದರೆ ತಲೆ ಎತ್ತದೆಯೇ ನಗುತ್ತಿದ್ದೆ, ಸಾಯುವ ಮುಂಚೆ ಅವಳೇ ಹೇಳಿದಳು, ಈ ಕಾಲನ್ನ ನನ್ನ ಶವಪೆಟ್ಟಿಗೆಯೊಳಗೆ ಇಡಬೇಡಿ, ಪರಲೋಕದಲ್ಲಿ ನನಗೆ ನನ್ನದೇ ಕಾಲು ಸಿಗುತ್ತೆ, ಎಷ್ಟು ಸಲೀಸಾಗಿ ಹೇಳಿದಳು, ಅತ್ತೆ ಮನೆಯಿಂದ ತವರಿಗೆ ಹೊರಟವಳ ಹಾಗೆ, ನಾನು ಹೂಂ ಅಂದೆ, ಇಡಲಿಲ್ಲ.

ಪಾದ್ರಿಗಳು ಕೂತರು, ಕರ್ತನ ಭೋಜನದ ರೊಟ್ಟಿ ಮುರಿದು ಕೊಟ್ಟರು, ನುಂಗಲು ಕಷ್ಟ, ಕಣ್ಣು ಮುಚ್ಚಿ ಪ್ರಾರ್ಥಿಸಿದರು, ಅಲ್ಲಿ ನೋವಿಲ್ಲ, ಕುಂಟಿಲ್ಲ, ಎಲ್ಲರಿಗೂ ಹೊಸ ದೇಹ — ನನಗೆ ಸಾಯುವುದಕ್ಕೆ ಹೆದರಿಕೆಯಿಲ್ಲ, ಇದಕ್ಕೆ ಹೆದರಿಕೆ, ಎರಡು ಕಾಲಿನಲ್ಲಿ ನೆಟ್ಟಗೆ ನಡೆಯುವ ಅವಳ ಹೆಜ್ಜೆಯನ್ನು ನಾನು ಒಂದು ದಿನವೂ ಕೇಳಿಲ್ಲ, ಅಷ್ಟು ಜನರ ನಡುವೆ ನನ್ನ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗದಿದ್ದರೆ ಏನು ಗತಿ, ಕೇಳಿಯೇಬಿಟ್ಟೆ, ಅಯ್ಯನವರೇ, ಎಲ್ಲ ಸರಿಹೋದ್ರೆ ನಾನು ಅವಳನ್ನ ಹೇಗೆ ಗುರುತು ಹಿಡೀಲಿ, ಬೈಯುತ್ತಾರೆ ಅಂದುಕೊಂಡೆ, ಅವರು ಮಂಡಿ ಉಜ್ಜಿಕೊಂಡರು, ಮೆಲ್ಲಗೆ ಹೇಳಿದರು, ಸಮಾಧಿಯಿಂದ ಎದ್ದು ಬಂದ ಮೇಲೂ ಕರ್ತನ ಕೈಯಲ್ಲಿ ಶಿಲುಬೆಯ ಮೊಳೆಯ ಗಾಯ ಹಾಗೇ ಇತ್ತಪ್ಪ, ಅದನ್ನ ತೋರಿಸಿಯೇ ತಾನು ಯಾರು ಅಂತ ಹೇಳಿದ, ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಹೋದರು, ಬಲಗಾಲು ಭಾರವಾಗಿ ಮೆಟ್ಟಿಲಿಳಿಯಿತು, ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಾಳೆ — ಹಾಗೇ ಇತ್ತಂತೆ, ಸಾವನ್ನೇ ಸರಿಮಾಡಿದವನು ಆ ಗಾಯವನ್ನು ಸರಿಮಾಡಲಿಲ್ಲ, ಒಂದು ಎಳೆಯಷ್ಟು ಉಜ್ಜಿದ್ದರೆ ಹೋಗುತ್ತಿತ್ತು, ಉಜ್ಜಲಿಲ್ಲ, ಸಾಕು ಬಿಡಿ, ಇಷ್ಟು ಇರಲಿ, ಇದು ಯಾರ ದನಿ, ನಲ್ಲಿ ನಿಂತಿತು, ಯಾರೂ ನಡೆಯುತ್ತಿಲ್ಲ, ಬಾಗಿಲ ಪಕ್ಕ ಬೂಟು, ದಾರ ಬಿಗಿಯಾಗಿ ಕಟ್ಟಿದೆ, ಬಿಸಿಲು ಅಲ್ಲಿಯವರೆಗೆ ಬಂದಿದೆ, ಹಿಮ್ಮಡಿ, ಹೊರ ಅಂಚು, ಸವೆದ ಅಂಚು —